"ಯಾಕ್ ಮಾಡಿದಿ?" ಅಂದರೆ "ಗೊತ್ತಿಲ್ಲ ಸರ": ಕಾನೂನಿನ ಕೈಗೆ ಸಿಕ್ಕ ಹುಡುಗರ ಮನಸ್ಸು, ಮರಳಿ ತರುವ ಕೆಲಸ

ಠಾಣೆಯಲ್ಲಾಗಲಿ, ಮನೆಯಲ್ಲಾಗಲಿ, ರಿಮ್ಯಾಂಡ್ ಹೋಂ ಎಂದು ಜನ ಕರೆಯುವ ವೀಕ್ಷಣಾಲಯದಲ್ಲಾಗಲಿ ಹುಡುಗನಿಗೆ ಮೊದಲು ಬೀಳುವ ಪ್ರಶ್ನೆ ಒಂದೇ: "ಯಾಕ್ ಮಾಡಿದಿ?" ಅವನ ಉತ್ತರವೂ ಹೆಚ್ಚುಕಡಿಮೆ ಒಂದೇ: "ಗೊತ್ತಿಲ್ಲ ಸರ." ಕೇಳಿದವರಿಗೆ ಅದು ಮೊಂಡುತನ ಅನಿಸುತ್ತದೆ, ಸಿಟ್ಟು ಬರುತ್ತದೆ, ಕೈ ಮೇಲೇಳುತ್ತದೆ. ಆದರೆ ಬಹಳಷ್ಟು ಸಲ ಹುಡುಗ ನಿಜವನ್ನೇ ಹೇಳುತ್ತಿರುತ್ತಾನೆ. ಹದಿನೈದು ವರ್ಷದವನು ಲೆಕ್ಕ ಹಾಕಿ, ನಿರ್ಧಾರ ಮಾಡಿ ಹೊರಟಿರುವುದಿಲ್ಲ. ಆ ಸಂಜೆ ಒಂದರ ಬೆನ್ನಿಗೆ ಒಂದು ನಡೆದದ್ದಕ್ಕೆಲ್ಲ ಹೂಂ ಅನ್ನುತ್ತ ಹೋಗಿರುತ್ತಾನೆ.

ಹಾಗಾಗಿ ಮೊದಲು ಬದಲಾಗಬೇಕಾದದ್ದು ಪ್ರಶ್ನೆ. ಯಾಕೆ ಮಾಡಿದ ಎನ್ನುವುದರ ಬದಲು, ಆ ಕೃತ್ಯ ಅವನಿಗೆ ಏನು ಕೊಡುತ್ತಿತ್ತು ಎಂದು ಹುಡುಕಬೇಕು. ದುಡ್ಡೋ, ಮರ್ಯಾದೆಯೋ, ಗೆಳೆಯರ ನಡುವೆ ಒಂದು ಜಾಗವೋ, ಮನೆಯ ಜಗಳದಿಂದ ಎರಡು ತಾಸಿನ ಬಿಡುಗಡೆಯೋ? ಅದು ಗೊತ್ತಾಗದೆ ಕೊಡುವ ಬುದ್ಧಿಮಾತು, ತರಬೇತಿ, ಶಿಕ್ಷೆ ಎಲ್ಲವೂ ಕತ್ತಲಲ್ಲಿ ಕಲ್ಲು ಎಸೆದ ಹಾಗೆ.

ಒಂದು ಸಂಜೆಯನ್ನು ಬಿಡಿಸಿ ನೋಡುವುದು

ಒಬ್ಬ ಹುಡುಗನನ್ನು ಊಹಿಸಿಕೊಳ್ಳೋಣ. ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿ. ಸುಗ್ಗಿ ಮುಗಿಯುತ್ತಲೇ ಅಪ್ಪ ಅವ್ವ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗಿದ್ದಾರೆ, ಮನೆಯಲ್ಲಿ ಅಜ್ಜಿ ಒಬ್ಬಳೇ. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟು ರಾಯಚೂರಿನ ಒಂದು ಗ್ಯಾರೇಜಿನಲ್ಲಿ ಕೆಲಸ ಕಲಿಯುತ್ತಿದ್ದಾನೆ. ಬೈಕ್ ಕಳವಿನಲ್ಲಿ ಸಿಕ್ಕಿದ್ದಾನೆ.

ಅವನ ಜೊತೆ ಕೂತು ಆ ದಿನವನ್ನು ಹಿಂದಕ್ಕೆ ನಡೆಸುವುದೇ ಈ ಕೆಲಸದ ಮೊದಲ ಉಪಕರಣ. ಮಾಡುವ ರೀತಿ ಹೀಗೆ. ಟೇಬಲ್ಲಿನ ಆಚೆ ಈಚೆ ಎದುರುಬದುರು ಕೂರಬಾರದು, ಅದು ಅವನಿಗೆ ಠಾಣೆಯನ್ನು ನೆನಪಿಸುತ್ತದೆ. ಪಕ್ಕದಲ್ಲಿ ಕೂರಬೇಕು. ಒಂದು ದೊಡ್ಡ ಹಾಳೆಯನ್ನು ಅಡ್ಡಲಾಗಿ ಇಟ್ಟು ಉದ್ದಕ್ಕೆ ಒಂದು ಗೆರೆ ಎಳೆಯಬೇಕು. ಬಲತುದಿಯಲ್ಲಿ ಸಿಕ್ಕಿಬಿದ್ದ ಗಳಿಗೆ. ಅಲ್ಲಿಂದ ಎಡಕ್ಕೆ, ಬೆಳಿಗ್ಗೆ ಎದ್ದ ಹೊತ್ತಿನವರೆಗೆ. ಪ್ರತಿ ನಿಲುಗಡೆಯಲ್ಲೂ ಐದು ಸಂಗತಿ: ಎಷ್ಟು ಹೊತ್ತು, ಎಲ್ಲಿ, ಯಾರಿದ್ದರು, ತಲೆಯಲ್ಲಿ ಏನು ಓಡುತ್ತಿತ್ತು, ಮೈ ಹೇಗಿತ್ತು. "ಅದಕ್ಕೂ ಮುಂಚೆ?" ಮತ್ತು "ಆಮೇಲೆ?" ಈ ಎರಡು ಮಾತು ಸಾಕು. "ಯಾಕೆ" ಎಂಬ ಪದ ಇಲ್ಲಿ ಬೇಡವೇ ಬೇಡ. ನಲವತ್ತೈದು ನಿಮಿಷಕ್ಕಿಂತ ಹೆಚ್ಚು ಎಳೆಯಬಾರದು. ಒಂದೇ ಕೂರಿಕೆಯಲ್ಲಿ ಮುಗಿಯುವುದಿಲ್ಲ, ಎರಡು ಮೂರು ಬೇಕಾಗುತ್ತದೆ.

ಈ ಹುಡುಗನ ಹಾಳೆಯಲ್ಲಿ ಏನು ಮೂಡಬಹುದು? ಬೆಳಿಗ್ಗೆಯಿಂದ ಒಂದು ಚಹಾ ಬಿಟ್ಟರೆ ಹೊಟ್ಟೆಗೆ ಏನೂ ಇಲ್ಲ. ನಾಲ್ಕು ಗಂಟೆಗೆ ಗಿರಾಕಿಗಳ ಮುಂದೆ ಮಾಲೀಕನಿಂದ ಬೈಗುಳ, ಆ ವಾರದ ಪಗಾರ ಇಲ್ಲ ಎಂಬ ಮಾತು. ಮೈಯೆಲ್ಲ ಕಾದ ಹಂಚು. ಐದೂವರೆಗೆ ಅಜ್ಜಿಯ ಫೋನು, ಗುಳಿಗೆ ಮುಗಿದಿವೆ ಅಂತ. ಆರೂವರೆಗೆ ಸ್ಟ್ಯಾಂಡಿನ ಹತ್ತಿರ ಇಪ್ಪತ್ತನಾಲ್ಕು ವರ್ಷದ ಒಬ್ಬ "ಅಣ್ಣ" ಸಿಗುತ್ತಾನೆ, ಎಗ್‌ರೈಸ್ ಕೊಡಿಸುತ್ತಾನೆ. "ಕೀಲಿ ಇಲ್ದ ಸ್ಟಾರ್ಟ್ ಮಾಡ್ತೀಯಂತಲ್ಲಲೇ ತಮ್ಮಾ, ನೀ ಭಾರೀ ಅದಿ ಬಿಡು" ಅನ್ನುತ್ತಾನೆ. ಎಂಟು ಗಂಟೆಗೆ ಬೈಕು. ಒಂಬತ್ತಕ್ಕೆ ಕೈಯಲ್ಲಿ ಎರಡು ಸಾವಿರ. ಮರುದಿನ ಅದರಲ್ಲಿ ಐನೂರು "ಪಗಾರ ಆತು" ಎಂದು ಅಜ್ಜಿಯ ಕೈಗೆ.

ಇಷ್ಟು ಮೂಡಿದ ಮೇಲೆ ಗೊತ್ತಾಗುತ್ತದೆ: ಅವತ್ತು ಅವನಿಗೆ ಊಟ ಹಾಕಿದವನು, ಅವನ ಕೈಕೆಲಸವನ್ನು ಮೆಚ್ಚಿದವನು, ಮನೆಗೆ ದುಡಿದು ತಂದವನೆನ್ನುವ ಮಾನ ಉಳಿಸಿದವನು ಒಬ್ಬನೇ, ಕಳವಿಗೆ ಕಳಿಸಿದವನು. ಇಂಥವನಿಗೆ ಮೂರು ತಿಂಗಳು ಅಗರಬತ್ತಿ ಹೊಸೆಯಲು ಕಲಿಸಿದರೆ ಆ ಖಾಲಿ ಜಾಗದ ಯಾವ ಮೂಲೆಯೂ ತುಂಬುವುದಿಲ್ಲ. ಹಾಳೆಯ ಮೇಲೆ ಅವನೇ ಕನಿಷ್ಠ ಮೂರು ಕಡೆ ಗುರುತು ಹಾಕಬೇಕು, "ಇಲ್ಲಿ ಬ್ಯಾರೆ ಏನರ ಮಾಡಬಹುದಿತ್ತು" ಎಂದು. ಹುಡುಗರು ಸಾಮಾನ್ಯವಾಗಿ ಮೊದಲು ಬೈಕಿನ ಹತ್ತಿರವೇ ಗುರುತು ಹಾಕುತ್ತಾರೆ. ಅಷ್ಟು ಹೊತ್ತಿಗೆ ತಡವಾಗಿರುತ್ತದೆ. ನಾಲ್ಕು ಗಂಟೆಯ ಬೈಗುಳದ ಹತ್ತಿರ, ಐದೂವರೆಯ ಫೋನಿನ ಹತ್ತಿರ ಗುರುತು ಬೀಳುವಂತೆ ನಡೆಸಿಕೊಂಡು ಹೋಗುವುದೇ ಆಪ್ತಸಮಾಲೋಚಕರ ಕಸುಬು.

ಒಂದು ಎಚ್ಚರಿಕೆ. ವಿಚಾರಣೆ ಮುಗಿಯದ ಪ್ರಕರಣದಲ್ಲಿ ಈ ಹಾಳೆ ತಪ್ಪೊಪ್ಪಿಗೆ ಪತ್ರವಾಗಬಾರದು. ನಿರಪರಾಧಿ ಎಂದೇ ಭಾವಿಸಿ ನಡೆಸಿಕೊಳ್ಳಬೇಕು ಎನ್ನುವುದು ಬಾಲ ನ್ಯಾಯ ಕಾಯ್ದೆಯ ಮೊದಲ ತತ್ವ. ಹುಡುಗ ಕೃತ್ಯವನ್ನು ಒಪ್ಪದಿದ್ದರೆ ಕೃತ್ಯ ಬಿಟ್ಟು ಅವನ ಮಾಮೂಲಿ ದಿನವನ್ನೇ ಬಿಡಿಸಬಹುದು, ಬೇಕಾದದ್ದು ಅಲ್ಲಿಯೂ ಸಿಗುತ್ತದೆ.

ಈ ವಯಸ್ಸಿನ ಮಿದುಳು

ಮಿದುಳಿನ ಮುಂಭಾಗ, ಅಂದರೆ ತಡೆದು ಯೋಚಿಸುವ, ನಾಳೆಯನ್ನು ಲೆಕ್ಕಕ್ಕೆ ಹಿಡಿಯುವ ಭಾಗ, ಇಪ್ಪತ್ತೈದರ ಆಸುಪಾಸಿನವರೆಗೂ ಬೆಳೆಯುತ್ತಲೇ ಇರುತ್ತದೆ. ಥ್ರಿಲ್ಲು, ಬಹುಮಾನ, ಮೆಚ್ಚುಗೆ ಬೇಡುವ ಭಾಗ ಹದಿಮೂರು ಹದಿನಾಲ್ಕಕ್ಕೇ ಭರ್ತಿ ಎಚ್ಚರವಾಗಿರುತ್ತದೆ. ಎಂಜಿನ್ ಜೋರು, ಬ್ರೇಕ್ ಇನ್ನೂ ಹದಕ್ಕೆ ಬಂದಿಲ್ಲ. ಹಾಗಂತ ಹದಿನಾರರ ಹುಡುಗನಿಗೆ ತಿಳಿವಳಿಕೆಯೇ ಇಲ್ಲ ಎನ್ನುವುದು ತಪ್ಪು. ತಣ್ಣಗೆ ಕೂರಿಸಿ ಕೇಳಿದರೆ ಅವನು ಸರಿತಪ್ಪುಗಳನ್ನು ದೊಡ್ಡವರಷ್ಟೇ ಚೆನ್ನಾಗಿ ಹೇಳುತ್ತಾನೆ. ಸಿಟ್ಟು, ಹಸಿವು, ಗೆಳೆಯರ ಕಣ್ಣು ಈ ಮೂರು ಸೇರಿದಾಗ ಆ ತಿಳಿವಳಿಕೆ ಕೈಗೆ ಸಿಗುವುದಿಲ್ಲ. ಮಾರ್ಗೊ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಂಪ್ಯೂಟರಿನ ಕಾರು ಓಡಿಸುವ ಆಟವನ್ನು ಒಬ್ಬರೇ ಆಡುವಾಗಿನದಕ್ಕಿಂತ ಗೆಳೆಯರು ನೋಡುತ್ತಿರುವಾಗ ಹದಿಹರೆಯದವರು ಹೆಚ್ಚು ಅಪಾಯಕ್ಕೆ ಕೈಹಾಕಿದರು. ಇಪ್ಪತ್ತನಾಲ್ಕು ದಾಟಿದವರಲ್ಲಿ ಆ ವ್ಯತ್ಯಾಸ ಕಾಣಲಿಲ್ಲ.

ಎಲ್ಲ ಹುಡುಗರೂ ಒಂದೇ ದಾರಿಯಲ್ಲಿ ಬಂದವರಲ್ಲ ಎಂಬುದು ಮುಂದಿನ ಮಾತು. ಮನಶ್ಶಾಸ್ತ್ರಜ್ಞೆ ಟೆರ್ರಿ ಮಾಫಿಟ್ 1993ರಲ್ಲಿ ಎರಡು ಗುಂಪು ಗುರುತಿಸಿದರು. ದೊಡ್ಡ ಗುಂಪಿನವರು ಹದಿಹರೆಯದಲ್ಲಿ ಶುರು ಮಾಡಿ, ಕೆಲಸ, ಸಂಸಾರ, ಜವಾಬ್ದಾರಿ ಬರುತ್ತಿದ್ದಂತೆ ತಾವಾಗಿಯೇ ಬಿಡುವವರು. ಸಣ್ಣ ಗುಂಪಿನವರ ತೊಂದರೆ ಚಿಕ್ಕಂದಿನಲ್ಲೇ ಕಾಣಿಸಿಕೊಂಡಿರುತ್ತದೆ: ಕೂತಲ್ಲಿ ಕೂರಲಾಗದ ಚಡಪಡಿಕೆ, ಕಲಿಕೆಯ ತೊಡಕು, ಹೊಡೆತದ ಮನೆ. ಇವರಿಗೆ ಬೇಕಾದ ನೆರವು ಹೆಚ್ಚು, ಬೇಕಾದ ಕಾಲವೂ ಹೆಚ್ಚು. ಮೊದಲ ಗುಂಪಿನ ಹುಡುಗನಿಗೆ ಅತಿ ಮಾಡುವುದು, ಅಂದರೆ ತಿಂಗಳುಗಟ್ಟಲೆ ಸಂಸ್ಥೆಯಲ್ಲಿಟ್ಟು ಎರಡನೇ ಗುಂಪಿನವರ ಜೊತೆ ಮಲಗಿಸುವುದು, ತಾನಾಗಿಯೇ ಆರಬಹುದಾಗಿದ್ದ ಬೆಂಕಿಗೆ ತಿದಿ ಒತ್ತಿದ ಹಾಗೆ.

ನೆವಗಳು, ನೋಟಗಳು, ಕಲ್ಲಾದ ಮುಖ

ಗ್ರೆಶಮ್ ಸೈಕ್ಸ್ ಮತ್ತು ಡೇವಿಡ್ ಮಾಟ್ಜಾ ಎಂಬ ಸಮಾಜಶಾಸ್ತ್ರಜ್ಞರು 1957ರಲ್ಲಿ ಹುಡುಗರು ಹೇಳುವ ನೆವಗಳನ್ನು ಐದು ಬಗೆ ಮಾಡಿದರು. ಅವು ನಮ್ಮ ಕಡೆಯ ಮಾತಿನಲ್ಲಿ ಹೀಗೆ ಕೇಳಿಸುತ್ತವೆ: "ನಂದೇನು ತಪ್ಪಿಲ್ಲ, ಅವ ಕರಕೊಂಡು ಹೋದ." "ಇನ್ಶೂರೆನ್ಸ್ ಇರ್ತದ ಬಿಡ್ರಿ, ಅವರಿಗೇನು ಲುಕ್ಸಾನು?" "ಅವ ನಮ್ಮವ್ವಗ ಬೈದಿದ್ದ, ಅವಗ ಆಗಬೇಕಿತ್ತು." "ದೊಡ್ಡ ದೊಡ್ಡವ್ರು ಗುಡ್ಡಾನ ನುಂಗ್ಯಾರ, ನಮ್ಮನ್ನಷ್ಟ ಹಿಡೀತೀರಿ." "ದೋಸ್ತಗ ಕೈ ಕೊಡಬೇಕಿತ್ತೇನು?" ಗಣಿಗಾರಿಕೆಯ ಗದ್ದಲ ನೋಡಿದ ಬಳ್ಳಾರಿಯ ನೆಲದಲ್ಲಿ ನಾಲ್ಕನೆಯ ನೆವಕ್ಕೆ ವಾದದಿಂದ ಉತ್ತರ ಕೊಡಲು ಹೋದರೆ ಹುಡುಗನೇ ಗೆಲ್ಲುತ್ತಾನೆ. ವಾದ ಬಿಡಬೇಕು. ನೆವ ಹೇಳುವವನಿಗೆ ಒಳಗೆ ಚುಚ್ಚುತ್ತಿದೆ ಎಂದೇ ಅರ್ಥ, ಚುಚ್ಚದವನಿಗೆ ನೆವ ಬೇಕಾಗುವುದಿಲ್ಲ. ಬೈಕ್ ಕಳಕೊಂಡವನು ಮರುದಿನ ಕೆಲಸಕ್ಕೆ ಹೇಗೆ ಹೋದ, ಕಂತು ಯಾರು ಕಟ್ಟುತ್ತಿದ್ದಾರೆ ಎಂದು ಒಂದೊಂದೇ ಕೇಳಿ, ಉತ್ತರವನ್ನು ಅವನೇ ಹುಡುಕಲು ಬಿಡುವುದು ಹೆಚ್ಚು ಫಲ ಕೊಡುತ್ತದೆ.

ಹೊಡೆದಾಟದ ಪ್ರಕರಣಗಳಲ್ಲಿ ಇನ್ನೊಂದು ಗುಣ ಕಾಣುತ್ತದೆ. ಯಾರೋ ಸುಮ್ಮನೆ ನೋಡಿದರೂ "ಏನ್ ನೋಡ್ತೀಯಲೇ?" ಎಂದು ಏರಿ ಹೋಗುವುದು. ಮನಶ್ಶಾಸ್ತ್ರಜ್ಞ ಕೆನೆತ್ ಡಾಡ್ಜ್ ಅವರ ಸಂಶೋಧನೆ ತೋರಿಸಿದ್ದು ಇದನ್ನೇ: ಆಕ್ರಮಣಕಾರಿ ಮಕ್ಕಳು ಅಸ್ಪಷ್ಟ ನಡೆಯನ್ನು ದ್ವೇಷವೆಂದೇ ಓದುತ್ತಾರೆ. ಹೊಡೆತ ಬೀಳುವ ಮನೆಯಲ್ಲಿ ಬೆಳೆದವನಿಗೆ ದೊಡ್ಡವರ ಹುಬ್ಬಿನ ಚಲನೆಯನ್ನು ಮೊದಲೇ ಓದುವುದು ಬದುಕುವ ವಿದ್ಯೆಯಾಗಿತ್ತು. ಆ ವಿದ್ಯೆಯೇ ಬೀದಿಯಲ್ಲಿ ಅವನನ್ನು ಸಿಕ್ಕಿಸುತ್ತದೆ. ಇದಕ್ಕೆ ಅಭ್ಯಾಸವಿದೆ: ಒಂದು ಘಟನೆ ಹೇಳಿ, ಆ ನೋಟಕ್ಕೆ ಮೂರು ಬೇರೆ ಬೇರೆ ಕಾರಣ ಹೇಳು ಎನ್ನುವುದು. ಮೊದಲ ವಾರ ಒಂದೇ ಕಾರಣ ಹೊಳೆಯುತ್ತದೆ, "ಅವಗ ಸೊಕ್ಕು." ದಿನವೂ ಹತ್ತು ನಿಮಿಷ ಮಾಡಿಸುತ್ತ ಹೋದರೆ ಎರಡನೆಯದು, ಮೂರನೆಯದು ಬರತೊಡಗುತ್ತವೆ.

ಇನ್ನು ಕಲ್ಲಾದ ಮುಖ. ಇಂಥ ಪ್ರಕರಣ ವಿಚಾರಿಸುವ ಬಾಲ ನ್ಯಾಯ ಮಂಡಳಿಯ ಮುಂದೆ ನಿಂತ ಹುಡುಗ ಅಳುವುದಿಲ್ಲ, ಕೆಲವೊಮ್ಮೆ ನಕ್ಕೂಬಿಡುತ್ತಾನೆ. "ಪಶ್ಚಾತ್ತಾಪವೇ ಇಲ್ಲ" ಎಂದು ವರದಿ ಬರೆದುಬಿಡುತ್ತಾರೆ. ಬಹಳ ಹಾನಿ ಮಾಡುವ ವಾಕ್ಯ ಅದು. ಹೆದರಿಕೆ ಮಿತಿ ಮೀರಿದಾಗ ಮನಸ್ಸು ಮರಗಟ್ಟುತ್ತದೆ, ನಗು ಕೂಡ ಭಯದಿಂದಲೇ ಬರುತ್ತದೆ. ಪಶ್ಚಾತ್ತಾಪವನ್ನು ಮುಖದಲ್ಲಿ ಹುಡುಕದೆ, ನಿದ್ದೆ, ಊಟ, ರಾತ್ರಿಯ ಕನಸು, ಒಬ್ಬನೇ ಇದ್ದಾಗ ಮಾಡುವ ಕೆಲಸ ಇವುಗಳಲ್ಲಿ ಹುಡುಕಬೇಕು. ನಾಚಿಕೆ ಮತ್ತು ಪಶ್ಚಾತ್ತಾಪ ಬೇರೆ ಬೇರೆ ಎಂಬುದನ್ನೂ ನೆನಪಿಡಬೇಕು. "ನಾ ಮಾಡಿದ್ದು ತಪ್ಪು" ಎಂದುಕೊಂಡವನು ಸರಿಪಡಿಸಲು ನೋಡುತ್ತಾನೆ. "ನಾನೇ ಹೊಲಸು" ಎಂದುಕೊಂಡವನು ಅಡಗಿಕೊಳ್ಳುತ್ತಾನೆ, ಇಲ್ಲವೇ ತಿರುಗಿ ಬೀಳುತ್ತಾನೆ. ನಾಲ್ಕು ಜನರ ಮುಂದೆ ಅವಮಾನ ಮಾಡುವುದರಿಂದ ಹುಟ್ಟುವುದು ಎರಡನೆಯದು.

ಯಾರೂ ನೋಡದೆ ಬಿಡುವ ಕಾರಣಗಳು

ಮೊದಲ ವಾರದಲ್ಲೇ ಮಾಡಬೇಕಾದ ಸರಳ ಪರೀಕ್ಷೆಗಳಿವೆ. ನಾಲ್ಕನೇ ತರಗತಿಯ ಕನ್ನಡ ಪುಸ್ತಕದ ಐದು ಸಾಲು ಓದಿಸಿ. ಒಂದು ಸಾವಿರದಿಂದ ಮುನ್ನೂರ ಎಪ್ಪತ್ತು ಕಳೆಯಲು ಹೇಳಿ. ಬೆನ್ನ ಹಿಂದೆ ನಿಂತು ಮೆಲ್ಲಗೆ ಹೆಸರು ಕರೆಯಿರಿ, ಕಿವಿ ಕೇಳಿಸುತ್ತದೆಯೇ? ತಲೆಗೆ ಪೆಟ್ಟು ಬಿದ್ದಿತ್ತೇ, ಫಿಟ್ಸ್ ಬಂದಿತ್ತೇ ಎಂದು ಮನೆಯವರನ್ನು ಕೇಳಿ. ಒಂಬತ್ತನೇ ತರಗತಿವರೆಗೆ ಹೋಗಿಯೂ ಅಕ್ಷರ ಕೂಡಿಸಿ ಓದಲಾರದ ಹುಡುಗರು ಕಡಿಮೆ ಇಲ್ಲ. ಅಂಥವನಿಗೆ ಶಾಲೆ ದಿನವೂ ಆರು ತಾಸಿನ ಅವಮಾನ. ಅವನನ್ನು "ಮತ್ತೆ ಶಾಲೆಗೆ ಸೇರಿಸಿ" ಎಂದು ಆದೇಶಿಸಿದರೆ ಎರಡನೇ ವಾರಕ್ಕೇ ಓಡುತ್ತಾನೆ. ಓದಿನ ತೊಡಕನ್ನು ಮೊದಲು ಹಿಡಿದು ಕಲಿಸಬೇಕು. ಹದಿನಾಲ್ಕು ತುಂಬಿದವನು ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಹತ್ತನೆಯದನ್ನು ಬಿಡಿಬಿಡಿ ವಿಷಯಗಳಾಗಿ ಕಟ್ಟಿ ಮುಗಿಸಬಹುದು.

ನಶೆಯ ವಿಚಾರ ಹೆಚ್ಚು ಎಚ್ಚರದ್ದು. ಪಂಕ್ಚರ್ ಸೊಲ್ಯೂಷನ್, ವೈಟ್ನರ್ ಮೂಸುವುದು ಬಳ್ಳಾರಿಯಿಂದ ಕೊಪ್ಪಳದವರೆಗೆ ರೈಲ್ವೆ ಸ್ಟೇಷನ್, ಬಸ್‌ಸ್ಟ್ಯಾಂಡ್ ಸುತ್ತ ಕಾಣುತ್ತದೆ. ರಾಯಚೂರಿನ ಕಡೆ ಇದರ ಜೊತೆಗೆ ಸಿ.ಎಚ್. ಪೌಡರ್ ಬೆರೆಸಿದ ಕಲಬೆರಕೆ ಸೇಂದಿ ಇದೆ. ಈ ಪೌಡರ್ ನಿದ್ದೆ ಬರಿಸುವ ರಾಸಾಯನಿಕ, ಮೈ ಅದಕ್ಕೆ ಒಗ್ಗಿಹೋಗಿರುತ್ತದೆ. ಹುಡುಗ ವೀಕ್ಷಣಾಲಯಕ್ಕೆ ಬಂದ ದಿನ ಅದು ಒಮ್ಮೆಲೇ ನಿಲ್ಲುತ್ತದೆ. ಕೈ ನಡುಕ, ಬೆವರು, ನಿದ್ದೆಗೇಡು, ಇಲ್ಲದ್ದು ಕಾಣುವುದು, ಫಿಟ್ಸ್ ಇವೆಲ್ಲ ಮೊದಲ ಕೆಲ ದಿನಗಳಲ್ಲೇ ಬರಬಹುದು, ಜೀವಕ್ಕೇ ಅಪಾಯ. "ನಾಟಕ ಮಾಡ್ತಾನ" ಎಂದು ಕೂಡಿಹಾಕಬಾರದು. ದಾಖಲಾದ ದಿನವೇ ಏನು ಕುಡಿಯುತ್ತಿದ್ದ, ಕೊನೆಯ ಸಲ ಯಾವಾಗ ಎಂದು ಕೇಳಿ ಬರೆದುಕೊಂಡು, ಲಕ್ಷಣ ಕಂಡರೆ ಕೂಡಲೇ ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್, ಬಳ್ಳಾರಿಯಲ್ಲಿ ಜನ ಈಗಲೂ ವಿಮ್ಸ್ ಎನ್ನುವ ವೈದ್ಯಕೀಯ ಕಾಲೇಜು, ಹೀಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಒಯ್ಯಬೇಕು. ಮನೆಯವರು ಮಾತಾಡಿ ಸಲಹೆ ಕೇಳಲು ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ 14416 ಟೆಲಿ ಮಾನಸ್ ಇದೆ.

ಕಾನೂನಿನ ಕ್ಯಾಲೆಂಡರ್

"ಬಾಲಾಪರಾಧಿ" ಎನ್ನುವುದು ಹಳೆಯ ಪದ. ಬಾಲ ನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಕಾಯ್ದೆ 2015 ಹೇಳುವುದು "ಕಾನೂನಿನೊಡನೆ ಸಂಘರ್ಷಕ್ಕೊಳಗಾದ ಮಗು". ಬಾಯಿಗೆ ಉದ್ದವಾದರೂ ಪದ ಸರಿಯಿದೆ, ಸಂಘರ್ಷ ಮುಗಿಯಬಲ್ಲದು. 18 ತುಂಬದ ಎಲ್ಲರೂ ಈ ಕಾಯ್ದೆಯ ಒಳಗೆ.

ಹುಡುಗನನ್ನು ಲಾಕಪ್ಪಿನಲ್ಲಿ ಇಡುವಂತಿಲ್ಲ, ಬೇಡಿ ಹಾಕುವಂತಿಲ್ಲ, ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿಯೇ ಪ್ರಕರಣ ನೋಡಬೇಕು, 24 ಗಂಟೆಯೊಳಗೆ ಬಾಲ ನ್ಯಾಯ ಮಂಡಳಿಯ ಮುಂದೆ ತರಬೇಕು. ಪ್ರಯಾಣದ ಹೊತ್ತು ಮಾತ್ರ ಈ ಲೆಕ್ಕದಿಂದ ಹೊರಗೆ. ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು, ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆ. ಘೋರ ಅಪರಾಧ (ಕನಿಷ್ಠ ಶಿಕ್ಷೆಯೇ 7 ವರ್ಷ ಅಥವಾ ಅದಕ್ಕಿಂತ ಹೆಚ್ಚು ಇರುವಂಥದ್ದು) ಅಲ್ಲದಿದ್ದರೆ, ದೊಡ್ಡವರ ಜೊತೆ ಸೇರಿ ಮಾಡಿದ ಆರೋಪವೂ ಇಲ್ಲದಿದ್ದರೆ, 2016ರ ಮಾದರಿ ನಿಯಮಗಳ ಪ್ರಕಾರ ಎಫ್‌ಐಆರ್ ಹಾಕುವ ಹಾಗಿಲ್ಲ. ಠಾಣಾ ದಿನಚರಿಯಲ್ಲಿ ಬರೆದು, ಸಾಮಾಜಿಕ ಹಿನ್ನೆಲೆ ವರದಿಯೊಂದಿಗೆ ಮಂಡಳಿಗೆ ಕಳಿಸಬೇಕು. ಜಾಮೀನು ಇಲ್ಲಿ ನಿಯಮ, ನಿರಾಕರಣೆ ಅಪವಾದ. ಅಪರಾಧಿಗಳ ಸಹವಾಸಕ್ಕೆ ಬೀಳುತ್ತಾನೆ, ಅವನಿಗೇ ಅಪಾಯವಿದೆ, ನ್ಯಾಯದ ಉದ್ದೇಶವೇ ಕೆಡುತ್ತದೆ ಎಂಬ ಮೂರು ಕಾರಣಗಳಲ್ಲಿ ಒಂದಾದರೂ ಇರಬೇಕು.

ಮನೆಯವರು ಹೋಗುವಾಗ ಕೈಯಲ್ಲಿ ಶಾಲೆಯ ಜನ್ಮದಿನಾಂಕದ ದಾಖಲೆ, ಇಲ್ಲವೇ ಪಂಚಾಯಿತಿ ಅಥವಾ ನಗರಸಭೆಯ ಜನನ ಪ್ರಮಾಣಪತ್ರ ಇರಲಿ. ಅವೆರಡೂ ಇಲ್ಲದಾಗ ಮಾತ್ರ ವಯಸ್ಸು ತಿಳಿಯಲು ಎಲುಬಿನ ಪರೀಕ್ಷೆ. ಬರೆಯದ ಕಾಗದಕ್ಕೆ ಸಹಿ ಹಾಕಬೇಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ವಕೀಲರು ಉಚಿತ. ಠಾಣೆಯ ಅಂಗಳದಲ್ಲಿ ಹುಡುಗನಿಗೆ ನೀವೇ ಹೊಡೆದು "ಶಿಸ್ತು" ತೋರಿಸಬೇಡಿ. ಆ ದಿನ ಅವನಿಗೆ ತನ್ನವರು ಎನ್ನುವ ಒಂದು ಮುಖ ಬೇಕು.

ನಿಜವಾದ ಕೀಲಿ ಇರುವುದು ಹುಡುಗನ ಹಿನ್ನೆಲೆ ವಿಚಾರಿಸಿ ಮಂಡಳಿಗೆ ತಿಳಿಸುವ ಪರಿವೀಕ್ಷಣಾಧಿಕಾರಿಯ (ಪ್ರೊಬೇಷನ್ ಆಫೀಸರ್) ಸಾಮಾಜಿಕ ತನಿಖಾ ವರದಿಯಲ್ಲಿ. ಅದಕ್ಕೆ ಮೊದಲ ಹಾಜರಾತಿಯಿಂದ 15 ದಿನ. ಇದು ಹಳಸುವುದು ಎಲ್ಲಿ ಎಂದರೆ, ಒಬ್ಬರ ತಲೆಯ ಮೇಲೆ ಹತ್ತಾರು ಪ್ರಕರಣ ಇರುತ್ತವೆ, ಹಿಂದಿನ ವರದಿಯ ಹೆಸರು ಬದಲಿಸಿ "ಕೆಟ್ಟ ಸಹವಾಸ, ಪೋಷಕರ ನಿರ್ಲಕ್ಷ್ಯ" ಎಂದು ಬರೆದುಬಿಡುತ್ತಾರೆ. ಗುಳೆ ಹೋಗುವುದು ನಿರ್ಲಕ್ಷ್ಯ ಅಲ್ಲ. ಒಳ್ಳೆಯ ವರದಿ ಮನೆಗೆ ಹೋಗಿ ಬರೆದದ್ದು, ಸಂಜೆ ಹೊತ್ತು ಹೋಗಿ ಬರೆದದ್ದು: ಹುಡುಗ ಮಲಗುವ ಜಾಗ ಯಾವುದು, ಊಟ ಹಾಕುವವರು ಯಾರು, ಯಾರ ಮಾತಿಗೆ ಬೆಲೆ ಕೊಡುತ್ತಾನೆ, ಯಾರ ಸಾಲ ತೀರಿಸಬೇಕಾಗಿದೆ. ಕೊನೆಯದನ್ನು ಮರೆಯಲೇಬಾರದು. ಕಳವಿಗೆ ಕಳಿಸಿದ ದೊಡ್ಡವನು ಮುಂಗಡ ಕೊಟ್ಟಿದ್ದರೆ, ಹೊರಗೆ ಬಂದ ದಿನವೇ ಬಾಗಿಲಿಗೆ ಬರುತ್ತಾನೆ. ಮಕ್ಕಳನ್ನು ಕಾನೂನುಬಾಹಿರ ಕೆಲಸಕ್ಕೆ ಬಳಸುವ ವಯಸ್ಕನಿಗೆ ಇದೇ ಕಾಯ್ದೆಯ 83ನೇ ಕಲಂ 7 ವರ್ಷದವರೆಗೆ ಕಠಿಣ ಸಜೆ, 5 ಲಕ್ಷ ರೂಪಾಯಿ ದಂಡ ಇಟ್ಟಿದೆ. ಆ ಕಲಂ ಇರುವುದು ಬಳಸುವುದಕ್ಕೆ.

16 ತುಂಬಿದವನ ಮೇಲೆ ಘೋರ ಅಪರಾಧದ ಆರೋಪ ಇದ್ದರೆ, ವಯಸ್ಕನಂತೆ ವಿಚಾರಿಸಲು ಮಕ್ಕಳ ನ್ಯಾಯಾಲಯಕ್ಕೆ ಕಳಿಸಬೇಕೇ ಎಂದು ತೀರ್ಮಾನಿಸುವ ಮುನ್ನ ಮಂಡಳಿ ಪ್ರಾಥಮಿಕ ಮೌಲ್ಯಮಾಪನ ಮಾಡಬೇಕು: ಮಾನಸಿಕ ಮತ್ತು ದೈಹಿಕ ಸಾಮರ್ಥ್ಯ, ಪರಿಣಾಮ ಅರಿಯುವ ಶಕ್ತಿ, ಕೃತ್ಯ ನಡೆದ ಸಂದರ್ಭ. ಮಂಡಳಿಯಲ್ಲಿ ಮಕ್ಕಳ ಮನಶ್ಶಾಸ್ತ್ರ ಬಲ್ಲವರು ಇಲ್ಲದಿದ್ದರೆ ತಜ್ಞರ ನೆರವು ಪಡೆಯಲೇಬೇಕು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. ಬುದ್ಧ್ಯಂಕ ಪರೀಕ್ಷೆಯ ಒಂದು ಅಂಕಿಯಿಂದ ಇದು ಮುಗಿಯುವುದಿಲ್ಲ. ಮೇಲೆ ಹೇಳಿದ ಹಾಗೆ, ತಣ್ಣನೆಯ ಕೋಣೆಯಲ್ಲಿ ಕೊಟ್ಟ ಉತ್ತರ ಆ ರಾತ್ರಿಯ ತಲೆಯನ್ನು ಅಳೆಯುವುದಿಲ್ಲ.

ಇಲ್ಲಿ ಒಂದು ಬಗೆಯ ಪ್ರಕರಣವನ್ನು ಪ್ರತ್ಯೇಕವಾಗಿ ಹೇಳಲೇಬೇಕು. ಹದಿನೇಳರ ಹುಡುಗ, ಹದಿನಾರರ ಹುಡುಗಿ, ಪ್ರೀತಿ, ಊರು ಬಿಟ್ಟು ಓಡಿದರು, ಮನೆಯವರು ದೂರು ಕೊಟ್ಟರು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ ಅಡಿಯಲ್ಲಿ ಲೈಂಗಿಕ ಸಂಪರ್ಕಕ್ಕೆ ಕನಿಷ್ಠ ಶಿಕ್ಷೆಯೇ 10 ವರ್ಷ, ಹುಡುಗಿಗೆ 16 ತುಂಬಿರದಿದ್ದರೆ 20. ಆದ್ದರಿಂದ ಕಾನೂನಿನ ಲೆಕ್ಕದಲ್ಲಿ ಅದು ನೇರ ಘೋರ ಅಪರಾಧ. ಹಿಂಸೆ ಮಾಡಿ ಬಂದವನಿಗೆ ಹಾಕುವ ಸಮಾಲೋಚನೆಯ ಅಚ್ಚಿನಲ್ಲೇ ಇವನನ್ನೂ ಎರೆಯಬಾರದು. ಹುಡುಗಿಯ ಮೇಲೆ ಒತ್ತಾಯವಿತ್ತೇ ಎಂಬುದನ್ನು ಎಚ್ಚರದಿಂದ ನೋಡಬೇಕು. ಇಲ್ಲವೆಂದಾದರೆ ವರದಿ ಅದನ್ನು ಬಿಚ್ಚಿ ಹೇಳಬೇಕು.

ಒಳ್ಳೆಯ ಮನಸ್ಸಿನಿಂದಲೇ ಆಗುವ ಹಾನಿ

"ಒಂದ್ ಸಲ ಬಳ್ಳಾರಿ ಜೈಲು ತೋರಿಸಿಕೊಂಡು ಬನ್ನಿ, ಬುದ್ಧಿ ಬರ್ತದ" ಎಂಬ ಸಲಹೆಯನ್ನು ಓದಿದವರೂ ಕೊಡುತ್ತಾರೆ. ಅಮೆರಿಕದ ನ್ಯೂಜೆರ್ಸಿಯಲ್ಲಿ 1970ರ ದಶಕದಲ್ಲಿ ಹುಡುಗರನ್ನು ಜೈಲಿಗೆ ಕರೆದೊಯ್ದು ಕೈದಿಗಳಿಂದ ಹೆದರಿಸುವ ಕಾರ್ಯಕ್ರಮ ನಡೆಯಿತು, ಬೇರೆ ಕಡೆಗೂ ಹಬ್ಬಿತು. ಸರಿಯಾಗಿ ಹೋಲಿಸಿ ನಡೆಸಿದ ಅಧ್ಯಯನಗಳನ್ನು ಒಟ್ಟು ಹಾಕಿದಾಗ ಕಂಡದ್ದು, ಹೋಗಿ ಬಂದವರು ಹೋಗದವರಿಗಿಂತ ಹೆಚ್ಚು ಅಪರಾಧ ಮಾಡಿದರು. ಹೆದರಿಕೆ ನಾಲ್ಕು ದಿನ ಇರುತ್ತದೆ. ಜೈಲು ನೋಡಿಬಂದ ಹೆಮ್ಮೆ ಉಳಿಯುತ್ತದೆ.

ಗುಂಪು ಹಾಕುವುದು ಎರಡನೆಯ ಹಾನಿ. ತೊಂದರೆಯ ಹುಡುಗರನ್ನಷ್ಟೇ ಒಟ್ಟಿಗೆ ಕೂರಿಸಿದರೆ ಕಳವಿನ ಕಥೆಗೆ ನಗು ಸಿಗುತ್ತದೆ, ಒಳ್ಳೆಯ ಮಾತಿಗೆ ಮೌನ. ಮನಶ್ಶಾಸ್ತ್ರಜ್ಞ ಥಾಮಸ್ ಡಿಷನ್ ಮತ್ತು ಸಂಗಡಿಗರು 1999ರಲ್ಲಿ ಇದನ್ನು ದಾಖಲಿಸಿ, ನೆರವೇ ಹಾನಿಯಾಗಬಹುದು ಎಂದು ಎಚ್ಚರಿಸಿದರು. ಗುಂಪು ಚಟುವಟಿಕೆ ಬೇಕೇ ಬೇಕೆಂದರೆ ಆರೇಳು ಜನಕ್ಕಿಂತ ಹೆಚ್ಚು ಬೇಡ, ನಡೆಸುವವರು ಇಬ್ಬರಿರಲಿ, ಮಾತಿಗಿಂತ ಕೈಕೆಲಸ ಹೆಚ್ಚಿರಲಿ, ಬಿಡುವಿನ ಹೊತ್ತು ನಿಗಾ ಇಲ್ಲದೆ ಬಿಡಬೇಡಿ. ಕಲಿಯುವುದೆಲ್ಲ ಆ ಬಿಡುವಿನಲ್ಲೇ.

ಮೂರನೆಯದು ಫೋಟೊ. ಊರಿನ ವಾಟ್ಸಾಪ್ ಗುಂಪಿನಲ್ಲಿ "ಕಳ್ಳ ಸಿಕ್ಕ" ಎಂದು ಹುಡುಗನ ಮುಖ ಹರಿದಾಡಿದರೆ ಅವನು ಮರಳುವ ಊರೇ ಇಲ್ಲವಾಗುತ್ತದೆ. ಗುರುತು ಬಹಿರಂಗಪಡಿಸುವುದು 74ನೇ ಕಲಂ ಪ್ರಕಾರ ಅಪರಾಧ: 6 ತಿಂಗಳವರೆಗೆ ಸಜೆ, ಇಲ್ಲವೇ 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಹೊರಗೆ ಬಂದ ಮೊದಲ ತೊಂಬತ್ತು ದಿನ

ಸಂಸ್ಥೆಯೊಳಗೆ ಚೆನ್ನಾಗಿದ್ದ ಹುಡುಗ ಹೊರಗೆ ಬಂದು ಮೂರೇ ವಾರದಲ್ಲಿ ಜಾರುತ್ತಾನೆ. ಒಳಗಿನ ಶಿಸ್ತು ಒಳಗಿನ ಗೋಡೆಯದ್ದಾಗಿತ್ತು. ಆದ್ದರಿಂದ ಬಿಡುಗಡೆಯ ತಯಾರಿ ದಾಖಲಾದ ವಾರದಿಂದಲೇ ಶುರುವಾಗಬೇಕು, ವೈಯಕ್ತಿಕ ಪಾಲನಾ ಯೋಜನೆಯ ನಮೂನೆ ಇರುವುದೇ ಅದಕ್ಕೆ.

ಬಿಡುಗಡೆಯ ದಿನ ಕರೆದೊಯ್ಯಲು ಯಾರು ಬರುತ್ತಾರೆ, ರಾತ್ರಿ ಎಲ್ಲಿ ಊಟ ಎಂದು ಖಚಿತವಾಗಿರಲಿ. ಏಳು ದಿನದೊಳಗೆ ಒಂದು ಮನೆಭೇಟಿ. ಮೊದಲ ತಿಂಗಳು ವಾರಕ್ಕೆರಡು ಫೋನು, ಒಂದು ಭೇಟಿ. ಎರಡನೇ ತಿಂಗಳು ವಾರಕ್ಕೊಮ್ಮೆ. ಮೂರನೆಯದರಲ್ಲಿ ಹದಿನೈದು ದಿನಕ್ಕೊಮ್ಮೆ. ಭೇಟಿಯಲ್ಲಿ "ಹೆಂಗದಿ?" ಎಂದು ಕೇಳಿ ಬರುವುದಲ್ಲ. ಹಳೆಯ ಹಾಳೆಯಲ್ಲಿ ಗುರುತು ಹಾಕಿದ ಮೂರು ಜಾಗ ಈ ವಾರ ಎದುರಾದವೇ, ಏನು ಮಾಡಿದ ಎಂದು ಕೇಳಬೇಕು. ಹಳೆಯ "ಅಣ್ಣ" ಸಿಕ್ಕಾಗ ಹೇಳುವ ಮಾತನ್ನು ಮೊದಲೇ ಬಾಯಲ್ಲಿ ಆಡಿಸಿರಬೇಕು. "ಬರಂಗಿಲ್ಲ" ಎನ್ನುವುದು ಹುಡುಗರಿಗೆ ಕಷ್ಟ, ಮಾನದ ಪ್ರಶ್ನೆ. "ನನ್ನ ಮ್ಯಾಲೆ ಕೇಸ್ ಐತಿ ಅಣ್ಣ, ಸಾಹೇಬ್ರು ಸಂಜೀಕ ಮನೀಗೆ ಬರ್ತಾರ" ಎಂಬ ಮಾತು ಮಾನವನ್ನೂ ಉಳಿಸುತ್ತದೆ, ಹುಡುಗನನ್ನೂ ಉಳಿಸುತ್ತದೆ. ಹತ್ತು ಸಲ ಆಡಿಸಿದರೆ ಹನ್ನೊಂದನೆಯ ಸಲ ಬೀದಿಯಲ್ಲಿ ತಾನಾಗಿ ಬರುತ್ತದೆ.

ಮನೆಯಲ್ಲಿ ಎರಡು ಕಟ್ಟಳೆ ಸಾಕು: ರಾತ್ರಿ ಎಷ್ಟು ಗಂಟೆಗೆ ಬರಬೇಕು, ಹೊರಗೆ ಹೋದರೆ ಯಾರಿಗೆ ಹೇಳಬೇಕು. ಹತ್ತು ಕಟ್ಟಳೆ ಇಟ್ಟರೆ ಒಂದೂ ನಡೆಯುವುದಿಲ್ಲ. ಮುರಿದರೆ ಏನೆಂಬುದು ಸಣ್ಣದಿರಲಿ, ತಡಮಾಡದೆ ಆಗಲಿ: ಮರುದಿನ ಮೊಬೈಲ್ ಇಲ್ಲ, ಅಷ್ಟೇ. ತಪ್ಪಿದಾಗ ಬೈಯುವುದು ಒಂದಾದರೆ, ಸರಿ ಬಂದಾಗ ಗುರುತಿಸಿ ಹೇಳುವುದು ನಾಲ್ಕಾಗಲಿ. ಗುಳೆ ಹೋದ ತಂದೆ ದಿನವೂ ರಾತ್ರಿ ಗೊತ್ತಾದ ಹೊತ್ತಿಗೆ ವಿಡಿಯೊ ಕಾಲ್ ಮಾಡಿದರೂ ನಡೆಯುತ್ತದೆ, ಆದರೆ ದಿನವೂ. ಮಗನನ್ನು ನೋಡಿಕೊಳ್ಳಲು ಊರಲ್ಲೇ ಉಳಿಯಬೇಕಾದ ಅವ್ವನಿಗೆ, ವಿಧವೆಗೆ, ಮಗು ಅಜ್ಜಿಯ ಹತ್ತಿರವಿರುವ ಬಡ ಕುಟುಂಬಕ್ಕೆ ಮಕ್ಕಳ ರಕ್ಷಣೆಗಾಗಿ ಕೇಂದ್ರ ಸರ್ಕಾರ ತಂದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ ಯೋಜನೆಯನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಬೇಕು. ಅರ್ಹತೆ ಇದ್ದರೆ ತಿಂಗಳಿಗೆ 4,000 ರೂಪಾಯಿ. ಹಳ್ಳಿಯಲ್ಲಿ ವಾರ್ಷಿಕ ಆದಾಯದ ಮಿತಿ 72,000, ಪಟ್ಟಣದಲ್ಲಿ 96,000.

ಕೆಲಸದ ವಿಚಾರದಲ್ಲಿ ಹುಡುಗನ ಕೈಯಲ್ಲಿ ಏನಿದೆ ಎಂದು ನೋಡಿ. ಕೀಲಿ ಇಲ್ಲದೆ ಬೈಕ್ ಚಾಲೂ ಮಾಡುವವನಿಗೆ ವೈರಿಂಗ್ ತಲೆಗೆ ಹತ್ತಿದೆ ಎಂದರ್ಥ. ಅದೇ ಅವನ ಬಂಡವಾಳ. ಆದರೆ ಹಳೆಯ ಗ್ಯಾರೇಜಿಗೇ ಕಳಿಸಬೇಡಿ, ಮತ್ತು ಗಿರಾಕಿಯ ಬೈಕನ್ನು ಟ್ರಯಲ್‌ಗೆ ಓಡಿಸಲು ಯಾವ ಗ್ಯಾರೇಜಿನಲ್ಲೂ ಬಿಡಬೇಡಿ. 18 ತುಂಬದವನು ಸಿಕ್ಕರೆ ಇನ್ನೊಂದು ಪ್ರಕರಣ, ವಾಹನದ ಮಾಲೀಕನಿಗೆ 25,000 ದಂಡ. ಎಂಟನೆಯದು ಪಾಸಾದವನಿಗೆ ಐಟಿಐಯಲ್ಲಿ ಒಂದು ವರ್ಷದ ವೆಲ್ಡರ್ ಕೋರ್ಸ್ ಇದೆ. ಕೊಪ್ಪಳದ ಗಿಣಗೇರಿಯ ಕಾರ್ಖಾನೆಗಳಿಂದ ಹಿಡಿದು ಊರೂರಿನ ಟ್ರ್ಯಾಕ್ಟರ್ ರಿಪೇರಿಯವರೆಗೆ ವೆಲ್ಡರ್ ಬೇಕು. ಬೇಗ ದುಡಿಯಲಿ ಎಂದು ಹದಿನಾರರವನನ್ನು ಸಂಡೂರಿನ ಗಣಿಗೆ ಹಚ್ಚುವಂತಿಲ್ಲ, 18ರವರೆಗೆ ಗಣಿ ಕೆಲಸ ನಿಷಿದ್ಧ. ಬಳ್ಳಾರಿಯ ಜೀನ್ಸ್ ವಾಷಿಂಗಿನ ರಾಸಾಯನಿಕ ಕೆಲಸವೂ ಈ ವಯಸ್ಸಿಗೆ ಬೇಡ, ಹೊಲಿಗೆ ಕಲಿಯಲಿ.

ಅವನು ಒಮ್ಮೆ ಜಾರಬಹುದು. ಜಾರಿದ ದಿನ "ಇಷ್ಟೇ ಇವನ ಹಣೆಬರಹ" ಎಂದು ಕೈ ತೊಳೆದುಕೊಳ್ಳುವವರೇ ಹೆಚ್ಚು. ಹಿಂದೆ ವಾರಕ್ಕೊಂದು ಕಳವು ಮಾಡುತ್ತಿದ್ದವನು ಮೂರು ತಿಂಗಳಲ್ಲಿ ಒಮ್ಮೆ ಜಾರಿದರೆ ಕೆಲಸ ನಡೆಯುತ್ತಿದೆ ಎಂದೇ ತಿಳಿಯಬೇಕು. 48 ಗಂಟೆಯೊಳಗೆ ಮತ್ತೆ ಹಾಳೆ ಹರಡಿ, ಗೆರೆ ಎಳೆದು, ಹೊಸ ಸಂಜೆಯನ್ನು ಬಿಡಿಸಬೇಕು.

18 ದಾಟಿದ ಮೇಲೂ ಸಂಸ್ಥೆಯಿಂದ ಹೊರಬಂದವರಿಗೆ 21ರವರೆಗೆ ಅನುಪಾಲನಾ ನೆರವು ಇದೆ. ಮತ್ತೊಂದು ಸಂಗತಿಯನ್ನು ಪ್ರತಿ ಹುಡುಗನಿಗೂ, ಅವನ ಮನೆಯವರಿಗೂ ಬಿಡಿಸಿ ಹೇಳಿರಬೇಕು. ಮಕ್ಕಳ ನ್ಯಾಯಾಲಯ ವಯಸ್ಕನಂತೆ ವಿಚಾರಿಸಿದ ಪ್ರಕರಣಗಳನ್ನು ಬಿಟ್ಟರೆ, 24ನೇ ಕಲಂ ಪ್ರಕಾರ ಈ ಪ್ರಕರಣ ಮುಂದೆ ಯಾವ ಅನರ್ಹತೆಯನ್ನೂ ತರುವುದಿಲ್ಲ, ಮೇಲ್ಮನವಿಯ ಅವಧಿ ಕಳೆದ ಮೇಲೆ ದಾಖಲೆ ನಾಶವಾಗಬೇಕು. ಪ್ರಕರಣ ಮುಗಿದ ಮೇಲೆ ನಡತೆ ಪ್ರಮಾಣಪತ್ರದಲ್ಲಿ ಪೊಲೀಸರು ಇದನ್ನು ಬರೆಯುವಂತಿಲ್ಲ. ಆದರೂ ಹಳೆಯ ಕಡತ ಎಲ್ಲೋ ಉಳಿದು ನೌಕರಿಯ ಪರಿಶೀಲನೆಯಲ್ಲಿ ತಲೆ ಎತ್ತುವುದುಂಟು. ಮಂಡಳಿಯ ಅಂತಿಮ ಆದೇಶದ ದೃಢೀಕೃತ ಪ್ರತಿಯನ್ನು ಮನೆಯ ಟ್ರಂಕಿನಲ್ಲಿ ರೇಷನ್ ಕಾರ್ಡಿನ ಜೊತೆ ಇಟ್ಟಿರಿ, ಅವಧಿ ಮುಗಿದ ತಿಂಗಳೇ ದಾಖಲೆ ನಾಶಕ್ಕೆ ಮಂಡಳಿಗೆ ಒಂದು ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ.